ಬಾಣಂತಿಯನ್ನು ವೇದಿಕೆ ಹತ್ತಿಸಿದ ಮಳೆಗಾಲ

ಮೊನ್ನೆ ಬಹಳ ದಿನಗಳ ಮೇಲೆ ವಾಸ್ಕೋಗೆ ಹೋಗಿದ್ದೆ. ಮಂಗೋರ್ ಹಿಲ್‌ನಲ್ಲಿ ಪರಿಚಯದವರ ಮಗಳ ನಿಶ್ಚಯ. ಬಸ್ಸಿನಿಂದಿಳಿದು ಏರು ಹತ್ತುವಾಗ ಗಟಾರದ ಆ ಹಳೆಯ ವಾಸನೆ ಮೂಗಿಗೆ ಬಡಿಯಿತು. ಮೀನು ತೊಳೆದ ನೀರು, ತೊಯ್ದ ಗೋಣಿಚೀಲ, ಬಂದರಿನ ಕಡೆಯಿಂದ ಹಾರಿ ಬಂದು ಮಳೆಗೆ ರಾಡಿಯಾದ ಕಲ್ಲಿದ್ದಲ ಪುಡಿ, ಎಲ್ಲ ಸೇರಿದ ವಾಸನೆ. ಸೆರಗನ್ನು ಮೂಗಿಗೆ ಒತ್ತಿಕೊಂಡೆ. ನನಗೆ ಹೇಸಿಗೆ ಬೇಗ ಬರುತ್ತದೆ. ಕೆಲವರಿಗೆ ಕಣ್ಣೀರು ಬೇಗ ಬರುತ್ತದಲ್ಲ, ಹಾಗೆ. ಗಟಾರದ ಹೇಸಿಗೆ ಮನೆಗೆ ಹೋಗಿ ಮೈ ತೊಳೆದರೆ ಹೋಗುತ್ತದೆ. ಆದರೆ ಆಗ ಇಲ್ಲಿ ನಮ್ಮ ನೆರೆಯವಳಾಗಿದ್ದ ಮಮತಾಜ ಹೆತ್ತ ವರ್ಷದ ಮಳೆಗಾಲದ ಹೇಸಿಗೆ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ನಿಶ್ಚಯದ ಊಟಕ್ಕೆ ಕೂತಾಗಲೂ ಅದೇ ತಲೆಯಲ್ಲಿ ತಿರುಗುತ್ತಿತ್ತು.

ಈಗ ನಾನು ಫೋಂಡಾದಲ್ಲಿ ಮಗನ ಜೊತೆ ಇದ್ದೇನೆ. ಅವನಿಗೆ ಮಡ್ಕಯಿಯ ಫ್ಯಾಕ್ಟರಿಯಲ್ಲಿ ಕೆಲಸ. ಆಗ ನಮ್ಮದು ಮಂಗೋರ್ ಹಿಲ್‌ನ ಏರಿನ ಮೇಲೆ ಒಂದು ಹಿಟ್ಟಿನ ಗಿರಣಿ. ಹಿಂದೆ ಒಂದೇ ಕೋಣೆ, ಅದರಲ್ಲಿ ನಾನು, ನನ್ನ ಗಂಡ, ಮಗ. ವಿಜಾಪುರ, ಬಾಗಲಕೋಟೆ, ಗದಗಿನ ಕಡೆಯಿಂದ ದುಡಿಯಲು ಬಂದ ನಮ್ಮ ಜನ ಅಕ್ಕಿಯ ನಾಡಿಗೆ ಬಂದರೂ ರೊಟ್ಟಿ ಬಿಟ್ಟವರಲ್ಲ. ಊರಿಗೆ ಹೋದವರು ಜೋಳದ ಚೀಲ ಹೊತ್ತು ತರುತ್ತಿದ್ದರು, ನಮ್ಮಲ್ಲಿ ಬೀಸಿಸಿಕೊಂಡು ಹೋಗುತ್ತಿದ್ದರು. ಸರದಿಗೆ ನಿಂತ ಹೆಂಗಸರ ಬಾಯಲ್ಲಿ ಇಡೀ ಗುಡ್ಡದ ಸುದ್ದಿ ಇರುತ್ತಿತ್ತು. ಯಾರ ಗಂಡ ಕಟ್ಟಡದಿಂದ ಬಿದ್ದ, ಯಾರನ್ನು ಬಾಡಿಗೆ ಖೋಲಿ ಬಿಡಿಸಿದರು, ಯಾರ ಮಗುವನ್ನು ಶಾಲೆಯಲ್ಲಿ ಘಾಂಟಿ ಎಂದು ಆಡಿಕೊಂಡರು. ಘಟ್ಟದ ಮೇಲಿನಿಂದ ಬಂದವರಿಗೆ ಗೋವೆಯಲ್ಲಿ ಆ ಹೆಸರು. ಅದು ಬೈಗುಳವೆಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು.

ಮಮತಾಜ ತಾಳಿಕೋಟೆ ಕಡೆಯ ಹುಡುಗಿ. ಗಂಡ ದಸ್ತಗೀರ ಬಂದರಿನ ಹತ್ತಿರ ಲಾರಿಗೆ ಮಾಲು ತುಂಬುವ ಹಮಾಲ. ಗಿರಣಿಯ ಎದುರಿನ ಚಾಳಿನಲ್ಲಿ ತಗಡಿನ ಮಾಡಿನ ಒಂದು ಖೋಲಿ ಹಿಡಿದಿದ್ದರು. ಮಳೆಗಾಲ ಹಿಡಿದು ಕುಂಭದ್ರೋಣ ಮಳೆ ಸುರಿಯುತ್ತಿರುವಾಗ ಸರಕಾರಿ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಚೊಚ್ಚಲು. ತೂಕ ಕಡಿಮೆ, ಬೆಚ್ಚಗೆ ಇಡಿ, ಗಾಳಿಗೆ ಒಯ್ಯಬೇಡಿ ಎಂದು ಹೇಳಿ ಕಳಿಸಿದ್ದರು. ಮಮತಾಜಳ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆ ಹಾಸಿಗೆ ಹಿಡಿದವಳು. ಊರಿನಿಂದ ಬಾಣಂತನಕ್ಕೆ ಬರುವವರು ಯಾರೂ ಇರಲಿಲ್ಲ.

ನಮ್ಮ ಕಡೆ ಬಡತನ ಎಷ್ಟೇ ಇರಲಿ, ಬಾಣಂತಿಗೆ ನಲವತ್ತು ದಿನ ಒಂದು ಬೆಚ್ಚನೆಯ ಮೂಲೆ, ಮೈ ಸುಡುವಷ್ಟು ಬಿಸಿನೀರು, ಅಳವಿ ಪಾಯಸ, ಅಂಟಿನ ಉಂಡಿ ಇವಿಷ್ಟು ತಪ್ಪುವುದಿಲ್ಲ. ಹಿಂದೂ ಇರಲಿ ಮುಸಲ್ಮಾನರಿರಲಿ, ಇದರಲ್ಲಿ ಭೇದವಿಲ್ಲ. ಗಂಗವ್ವ ಎಂಬ ಗಟ್ಟಿಗಿತ್ತಿ ಇದ್ದಳು, ಗಾರೆ ಕೆಲಸಕ್ಕೆ ಹೋಗುವವಳು, ಐದು ಹೆತ್ತವಳು. ಅವಳು ಗಿರಣಿಯ ಮುಂದೆ ನಿಂತು ಹೇಳಿಬಿಟ್ಟಳು:

"ಎರಿಯೂದು ನಾ ನೋಡ್ಕೋತೀನಿ. ಕೆಲಸಕ್ಕ ಹೋಗೂ ಮುಂಚೆ ಕೂಸು-ಬಾಣಂತಿ ಇಬ್ಬರ್ನೂ ಎರದ ಹೋಗ್ತೀನಿ. ನೀವು ಉಳದ್ದು ನೋಡ್ರಿ ಅಕ್ಕಾರ."

ಉಳಿದದ್ದು ತಾನಾಗಿಯೇ ನಡೆಯಿತು. ಜೋಳ ಬೀಸಿಸಲು ಬಂದವರು ಒಬ್ಬರು ಒಣಕೊಬ್ಬರಿ ಇಟ್ಟು ಹೋದರು, ಒಬ್ಬರು ಬೆಲ್ಲ, ಒಬ್ಬರು ಹಳೆಯ ಮೆತ್ತನೆಯ ಸೀರೆ. ಯಾರೂ ಯಾರನ್ನೂ ಕೇಳಲಿಲ್ಲ, ಹೇಳಿಕೊಳ್ಳಲೂ ಇಲ್ಲ. ಆದರೆ ಬಿಸಿನೀರಿಗೆ ಬಂದು ಎಲ್ಲ ನಿಂತಿತು. ಚಾಳಿನಲ್ಲಿ ಕಟ್ಟಿಗೆ ಒಲೆ ಹಚ್ಚುವಂತಿಲ್ಲ, ಕರೆಂಟಿನ ಕಾಯಿಲ್ ಹಾಕುವಂತಿಲ್ಲ, ಮಾಲಕರ ಅಪ್ಪಣೆ. ಸಣ್ಣ ಗ್ಯಾಸಿನ ಮೇಲೆ ಕಾಯಿಸಿದ ನೀರು ಬಾಣಂತಿಯ ಬೆನ್ನಿಗೆ ಬೀಳುವಷ್ಟರಲ್ಲಿ ಆರುತ್ತಿತ್ತು. ನಮ್ಮ ಕೋಣೆಗೇ ಕರೆತರೋಣವೆಂದರೆ ಅಲ್ಲಿ ಹೊತ್ತೇರಿದಾಗಿನಿಂದ ಹಿಟ್ಟಿನ ಧೂಳು. ದೊಡ್ಡವರಿಗೇ ಕೆಮ್ಮು ಬರುವಲ್ಲಿ ಎಳೆಕೂಸು ಏನು ಉಸಿರಾಡೀತು?

ಮಾಲಕರ ಬಗ್ಗೆ ಹೇಳಲೇಬೇಕು. ಎಲ್ಲರೂ ಅವರನ್ನು ಸಾವಕಾರರು ಎನ್ನುತ್ತಿದ್ದರು. ನಮ್ಮ ಕಡೆಯವರೇ. ಒಂದು ಕಾಲಕ್ಕೆ ತಲೆಯ ಮೇಲೆ ಬುಟ್ಟಿ ಹೊತ್ತು ಬಂದವರು, ಈಗ ಗುಡ್ಡದ ಮೇಲೆ ಸಾಲು ಸಾಲು ಖೋಲಿ, ಮಣ್ಣೆತ್ತುವ ಯಂತ್ರ, ಕೊರಳಲ್ಲಿ ಹಗ್ಗದಂಥ ಸರ. ಜೊತೆಗೆ ಊರಿನ ಕನ್ನಡಿಗರ ಸಂಘವೊಂದಕ್ಕೆ ಅಧ್ಯಕ್ಷರು. ಎಂಜಲು ಕೈಯಲ್ಲಿ ಕಾಗೆ ಓಡಿಸುವವರಲ್ಲ, ಆದರೆ ಮೈಕು ಕೈಗೆ ಸಿಕ್ಕರೆ "ನಮ್ಮ ಜನ, ನಮ್ಮ ಜನ" ಎಂದು ಎದೆ ಬಡಿದುಕೊಳ್ಳುವರು. ಅವರ ಚಾಳಿನ ಸಂಡಾಸಿನ ಬಾಗಿಲು ಮುರಿದು ಎರಡು ಮಳೆಗಾಲ ಕಳೆದಿತ್ತು. ಅದೇ ಗೋಡೆಯ ಮೇಲೆ ಕೈಮುಗಿದು ನಿಂತ ಅವರ ದೊಡ್ಡ ಫೋಟೋ. ನಾನು ಅದರ ಮುಂದೆ ಹಾದು ಹೋಗುವಾಗ ಉಗುಳು ಬಾಯಲ್ಲಿ ತುಂಬಿಕೊಳ್ಳುತ್ತಿತ್ತು. ನುಂಗಿಕೊಳ್ಳುತ್ತಿದ್ದೆ.

ಬಿಸಿನೀರು ಕೊಟ್ಟವಳು ಪಿಯದಾದ್ ಬಾಯಿ. ಗಿರಣಿಯ ಪಕ್ಕದಲ್ಲಿ, ಚಾಳುಗಳ ನಡುವೆ ಸಿಕ್ಕಿಹಾಕಿಕೊಂಡ ಹಳೆಯ ಹೆಂಚಿನ ಮನೆ ಅವಳದು. ಗೋವೆಯ ಕ್ರಿಶ್ಚಿಯನ್ ಮುದುಕಿ, ಒಬ್ಬಳೇ ಇರುತ್ತಿದ್ದಳು. ನಮ್ಮನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ನಮ್ಮ ಮಕ್ಕಳು ಅವಳ ಮೆಟ್ಟಿಲ ಮೇಲೆ ಕೂತೆದ್ದರೆ ಫಿನಾಯಿಲ್ ಹಾಕಿ ತೊಳೆಯುತ್ತಿದ್ದಳು, ನಾವು ನೋಡುತ್ತಿರುವಾಗಲೇ. ಒಂದು ಬೆಳಿಗ್ಗೆ ಕಂಪೌಂಡಿನ ಆಚೆಯಿಂದ ನನ್ನನ್ನು ಕೂಗಿದಳು. ಅವಳ ಹಿಂದಿ ನನ್ನ ಹಿಂದಿಯಷ್ಟೇ ಕುಂಟು.

"ಕಿತೆಂ ಗೋ, ವೋ ಬಚ್ಚಾ ಇತನಾ ರೋತಾ ಕಾಯ್ಕೂ?"

ಕೂಸು ಯಾಕೆ ಅಷ್ಟು ಅಳುತ್ತದೆಂದು ಹೇಳಿದೆ. ಬಿಸಿನೀರಿಲ್ಲ, ಒಲೆ ಹಚ್ಚುವಂತಿಲ್ಲ, ತಣ್ಣೀರಿಗೆ ಕೂಸು ನಡುಗುತ್ತದೆ.

"ಸಾಯ್ಬಾ! ಘಾಂಟಿ ಲೋಗ್!" ಎಂದು ದೇವರನ್ನು ಕರೆದು ಹಣೆ ಬಡಿದುಕೊಂಡು ಒಳಗೆ ಹೋದಳು. ಬೈದು ಹೋದಳಲ್ಲ ಎಂದು ನಾನೂ ಗಿರಣಿ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಅವಳ ಹಿತ್ತಿಲಿನ ಬಚ್ಚಲಿನಿಂದ ಹೊಗೆ ಎದ್ದಿತು. ಅಲ್ಲಿ ಒಲೆಗೆ ಹೂಳಿದ ದೊಡ್ಡ ತಾಮ್ರದ ಹಂಡೆ ಇತ್ತು. ವರ್ಷವಿಡೀ ಒಣಗಿಸಿಟ್ಟ ತೆಂಗಿನ ಗರಿ, ಚಿಪ್ಪು ಇದ್ದವು. ಮತ್ತೆ ಕೂಗು ಬಂತು: "ಬಾಲ್ದಿ ಲೇಕೆ ಆವ್! ಚಪ್ಪಲ್ ಬಾಹರ್!"

ಅಂದಿನಿಂದ ದಿನಾ ನಸುಕಿಗೆ ಗಂಗವ್ವ ಮತ್ತು ನಾನು ಬಾಲ್ದಿ ಹಿಡಿದು ಹೋಗುವುದು, ಅವಳು ಗೊಣಗುತ್ತ ಕುದಿಯುವ ನೀರು ಮೊಗೆದು ಕೊಡುವುದು. ನಾವು ಹಿತ್ತಿಲು ದಾಟುವಷ್ಟರಲ್ಲಿ ಹಿಂದೆ ಫಿನಾಯಿಲ್ ಬಿದ್ದ ಸಪ್ಪಳ ಕೇಳುತ್ತಿತ್ತು. ಗಂಗವ್ವನಿಗೆ ನಗು, ನನಗೆ ಸಿಟ್ಟು. "ಇರಲಿ ಬಿಡ್ರಿ ಅಕ್ಕಾರ," ಎನ್ನುತ್ತಿದ್ದಳು ಗಂಗವ್ವ, "ನೀರು ಬಿಸಿ ಐತೋ ಇಲ್ಲೋ ಅಷ್ಟ ನೋಡ್ರಿ." ನೀರು ಬಿಸಿಯಾಗಿಯೇ ಇತ್ತು. ಕೂಸು ಎರೆದ ಮೇಲೆ ಮೈ ಬಿಟ್ಟು ನಿದ್ದೆ ಹೋಗತೊಡಗಿತು. ಮಮತಾಜಳ ಮುಖಕ್ಕೆ ಸ್ವಲ್ಪ ರಕ್ತ ಬಂತು.

ಆಗ ಸಾವಕಾರರು ಗಿರಣಿಗೆ ಬಂದರು. ಜೊತೆಗೆ ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಒಬ್ಬ.

"ಅಕ್ಕಾರ, ಈ ಸಲ ಸಂಘದಿಂದ ದೊಡ್ಡ ಕಾರ್ಯಕ್ರಮ. ದುಡಿಯಾಕ ಬಂದ ಕುಟುಂಬಗಳಿಗೆ ಆಸರಾಗೂದು. ಬಾಣಂತಿಯರಿಗೆ ಕಿಟ್ ಕೊಡಾಕತ್ತೇವಿ. ಊರ ಕಡಿಂದ ದೊಡ್ಡ ಪುಢಾರಿ ಬರಾಕತ್ತಾರ. ಮಮತಾಜನ್ನ ಕೂಸಿನ ಜೋಡಿ ಕರಕೊಂಡ ಬರ್ರಿ."

"ಹಸಿ ಬಾಣಂತಿ ಅದಾಳ್ರಿ ಸಾವಕಾರ್ರ. ಹೊಸ್ತಿಲ ದಾಟೂಹಂಗಿಲ್ಲ. ಕಿಟ್ ಮನಿಗೇ ಕಳಸ್ರಿ, ಭಾಳ ಉಪಕಾರ ಆಗತೈತಿ."

"ಮನಿಗೆ ಕಳಸಿದ್ರ ಯಾರಿಗೆ ಕಾಣತೈತ್ರಿ?"

ಇದನ್ನು ಅವರು ಪಿಸುಗುಟ್ಟಿ ಹೇಳಲಿಲ್ಲ, ನಾಚಿಕೊಂಡೂ ಹೇಳಲಿಲ್ಲ. ಸರದಿಯಲ್ಲಿದ್ದ ಹೆಂಗಸರೆಲ್ಲ ಕೇಳುವಂತೆ, ದೊಡ್ಡ ಬುದ್ಧಿಮಾತು ಹೇಳುವ ಧಾಟಿಯಲ್ಲಿ ಹೇಳಿದರು. ಆಗುವುದಿಲ್ಲ ಎಂದೆ. ಅವರು ನನ್ನ ಹತ್ತಿರ ವಾದ ಮಾಡಲಿಲ್ಲ, ನೆಟ್ಟಗೆ ದಸ್ತಗೀರನ ಹತ್ತಿರ ಹೋದರು.

ಸಂಜೆ ದಸ್ತಗೀರ ತೊಯ್ದು ತೊಪ್ಪೆಯಾಗಿ ಬಂದು ನಿಂತ. "ಬರಲಿಲ್ಲಂದ್ರ ಖೋಲಿ ಖಾಲಿ ಮಾಡ್ರಿ ಅಂದಾರ್ರಿ. ಈ ಮಳ್ಯಾಗ ಎಲ್ಲಿ ಒಯ್ಯಲ್ರಿ ಅಕ್ಕಾರ? ಎಳಿಕೂಸು ಅಂದ್ರ ಯಾರೂ ಖೋಲಿ ಕೊಡಂಗಿಲ್ಲ. ಒಂದ್ ತಾಸಿನ ಮಾತು. ಹೋಗಿ ಬಂದಬಿಡ್ತೀವಿ."

ಅವನನ್ನು ಏನೆಂದು ಬೈಯಲಿ? ಮಳೆಗಾಲದ ನಡುವೆ ಘಾಂಟಿಗೆ ಖೋಲಿ ಹುಡುಕುವುದೆಂದರೇನೆಂದು ನನಗೂ ಗೊತ್ತಿತ್ತು. ಆ ತಗಡಿನ ಖೋಲಿ ಕೈಬಿಟ್ಟರೆ ಕೂಸಿಗೆ ಬಸ್‌ಸ್ಟ್ಯಾಂಡೇ ಗತಿ. ಮಮತಾಜ ಗೋಡೆಗೆ ಒರಗಿ ಕೂತು ಎಲ್ಲ ಕೇಳಿದಳು. "ಹೋಗೂಣ ಬಿಡ್ರಿ," ಎಂದಳಷ್ಟೆ.

ಆ ಕಾರ್ಯಕ್ರಮವನ್ನು ನೆನೆದರೆ ಈಗಲೂ ಮೈಮೇಲೆ ಏನೋ ಹರಿದಾಡಿದಂತಾಗುತ್ತದೆ. ಬಾಡಿಗೆ ಹಾಲ್, ಎಲ್ಲ ಫ್ಯಾನುಗಳೂ ಜೋರಾಗಿ ತಿರುಗುತ್ತಿದ್ದವು. ಬ್ಯಾನರಿನ ಮೇಲೆ "ವಲಸಿಗ ತಾಯಂದಿರಿಗೆ ಮಮತೆಯ ಮಡಿಲು" ಎಂದು ಬರೆಸಿದ್ದರು. ಮಡಿಲಿಗಿಂತ ಸಾವಕಾರರ ಮುಖ ದೊಡ್ಡದಿತ್ತು. ಪುಢಾರಿ ಬರುವ ಹೊತ್ತು ಮೀರಿತು, ಮೀರುತ್ತಲೇ ಹೋಯಿತು. ಅಲ್ಲಿಯವರೆಗೆ ನಾಡಗೀತೆಯನ್ನು ಎರಡು ಸಲ ಹಾಡಿಸಿದರು. ಮಮತಾಜ ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಕೂತಿದ್ದಳು, ಹೊಲಿಗೆಯ ನೋವಿಗೆ ಸರಿಯಾಗಿ ಕೂರಲಾರದೆ. ಎದೆಹಾಲು ಸೋರಿ ಕುಬಸ ಒದ್ದೆಯಾಗಿತ್ತು. ನಾನು ನನ್ನ ಸೆರಗು ಮರೆಮಾಡಿ ಕೂತೆ. ಒಬ್ಬರು ಕನ್ನಡದ ಹಿರಿಮೆ ಹೇಳಿದರು, ಒಬ್ಬರು ತಾಯ್ತನದ ಹಿರಿಮೆ ಹೇಳಿದರು. ಆ ತಾಯಿಗೆ ಒಂದು ಲೋಟ ಬಿಸಿನೀರು ಬೇಕೇ ಎಂದು ಕೇಳಿದವರಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಕಡೆಗೆ ಪುಢಾರಿ ಬಂದ. ಬಾಯಿ ತುಂಬ ಗುಟ್ಕಾ. ಮಮತಾಜಳನ್ನು ಮೆಟ್ಟಿಲು ಹತ್ತಿಸಿದರು. ಕ್ಯಾಮೆರಾದವನು ಕೂಸಿನ ಮುಖ ಕಾಣುತ್ತಿಲ್ಲ ಎಂದ. ಸಾವಕಾರರು ತಾವೇ ಕೂಸಿನ ತಲೆಯ ಕುಂಚಿಗೆ ಬಿಚ್ಚಿದರು, ಸುತ್ತಿದ್ದ ಸೀರೆ ಸರಿಸಿದರು. ಪುಢಾರಿ ಕೆಂಪು ಬೆರಳಿನಿಂದ ಕೂಸಿನ ಕೆನ್ನೆ ಹಿಂಡಿದ. ಫ್ಯಾನಿನ ಗಾಳಿಗೆ ಕೂಸು ಬಾಯಿ ತೆರೆದು ಚೀರಿತು. "ಹಾಂ, ಹಂಗ ಹಿಡೀರಿ, ಇನ್ನೊಂದು," ಎಂದ ಕ್ಯಾಮೆರಾದವನು. ಚಪ್ಪಾಳೆ ಬಿತ್ತು. ನಾನೂ ಆ ಸಭೆಯಲ್ಲಿ ಇದ್ದೆನಲ್ಲ ಎಂಬುದಕ್ಕೇ ನನಗೆ ವಾಕರಿಕೆ ಬರುತ್ತದೆ.

ಮರುದಿನಕ್ಕೆ ಕೂಸಿಗೆ ನೆಗಡಿ, ಅದರ ಮರುದಿನ ಉಸಿರಿಗೆ ಪಕ್ಕೆ ಸೆಳೆಯತೊಡಗಿತು. ದಸ್ತಗೀರನ ಜೊತೆಗಾರರು ರಿಕ್ಷಾ ತಂದರು, ದವಾಖಾನೆಗೆ ಹಾಕಿದೆವು. ಗೋವೆಯ ಡಾಕ್ಟರ್ ಹೆಂಗಸು ಎದೆಗೆ ನಳಿಗೆ ಇಟ್ಟು ನೋಡಿ, ಇಷ್ಟು ಸಣ್ಣ ಕೂಸನ್ನು ಈ ಹವೆಯಲ್ಲಿ ಹೊರಗೆ ಒಯ್ದವರು ಯಾರು ಎಂದು ಹಿಂದಿಯಲ್ಲಿ ಗದರಿದಳು. ಗಂಗವ್ವ ಕನ್ನಡದಲ್ಲೇ ಉತ್ತರ ಕೊಟ್ಟಳು: "ಕನ್ನಡಮ್ಮ ಕರಕೊಂಡ ಹೋಗಿದ್ಲ್ರಿ, ಸತ್ಕಾರಕ್ಕ."

ಡಾಕ್ಟರಿಗೆ ತಿಳಿಯಲಿಲ್ಲ. ನಮಗೆ ನಗು ಬರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಕೂಸು ಮೀನಿನ ಹಾಗೆ ಬಾಯಿ ಆಡಿಸುತ್ತ ಮಲಗಿತ್ತು. ಗಿರಣಿಗೆ ಬರುವ ಹೆಂಗಸರು ಪಾಳಿ ಹಾಕಿಕೊಂಡು ದವಾಖಾನೆಗೆ ರೊಟ್ಟಿ, ಸಾರು ಮುಟ್ಟಿಸಿದರು. ದಿನಗೂಲಿ ಬಿಟ್ಟು ಹೊರಗಿನ ಬೆಂಚಿನ ಮೇಲೆ ಕೂತವರಿದ್ದರು. ಪಿಯದಾದ್ ಬಾಯಿ ನನ್ನ ಕೈಯಲ್ಲಿ ಒಂದು ಡಬ್ಬಿ ಗಂಜಿ ಕೊಟ್ಟು, ಡಬ್ಬಿ ತೊಳೆದು ವಾಪಸು ತರಬೇಕೆಂದು ಎರಡು ಸಲ ಹೇಳಿದಳು. ಸಂಘದ ಕಡೆಯಿಂದ ಯಾರೂ ಇಣುಕಲಿಲ್ಲ. ಆದರೆ ಆ ದಿನಗಳಲ್ಲೇ ಎಲ್ಲರ ಮೊಬೈಲಿಗೂ ಫೋಟೋ ಬಂತು: ಚೀರುವ ಕೂಸು, ನಗುವ ಸಾವಕಾರರು, ಕೆಳಗೆ "ನೊಂದವರ ಕಣ್ಣೀರು ಒರೆಸುವ ಕೈಗಳು" ಎಂಬ ಸಾಲು.

ಕೂಸು ಉಳಿಯಿತು. ಅಲ್ಲಾನ ದಯೆ ಎಂದಳು ಮಮತಾಜ, ಎಲ್ಲವ್ವನ ದಯೆ ಎಂದಳು ಗಂಗವ್ವ. ಖೋಲಿಗೆ ಕರೆತಂದು ಮತ್ತೆ ಎರೆಯುವುದು, ಹೊಗೆ ಹಾಕುವುದು ಶುರುವಾಯಿತು. ಮಳೆ ಮಾತ್ರ ಬಿಟ್ಟಿರಲಿಲ್ಲ.

ಹಾಗೆ ಒಂದು ದಿನ ಗಂಗವ್ವ ಕೂಸಿಗೆ ಎಣ್ಣೆ ತಿಕ್ಕುತ್ತಿರುವಾಗ ಸಾವಕಾರರು ಬಾಗಿಲು ತಳ್ಳಿಕೊಂಡು ಬಂದರು. ಕೆಸರಿನ ಬೂಟು ಹಾಗೆಯೇ ಇತ್ತು. ನಾನು ಪಾಯಸದ ಪಾತ್ರೆ ಹಿಡಿದು ಅಲ್ಲೇ ಇದ್ದೆ. ಬಾಣಂತಿಯ ಎದೆಯ ಮೇಲೆ ಸೆರಗು ಇಲ್ಲ ಎಂಬ ಎಚ್ಚರವೂ ಆ ಮನುಷ್ಯನಿಗಿರಲಿಲ್ಲ.

"ಆರಾಮ ಅದಿಯೇನವ್ವಾ? ಚಲೋ ಆತು. ಐತವಾರ ಇನ್ನೊಮ್ಮಿ ಕಾರ್ಯಕ್ರಮಕ್ಕ ಬರಬೇಕು. ಸಾಹೇಬ್ರು ಮತ್ತ ಬರಾಕತ್ತಾರ. ಹೋದ ಸಲದ ಫೋಟೋದಾಗ ಅವರ ಮಾರಿ ಕತ್ತಲಾಗೇತಿ. ಈ ಸಲ ಕೂಸಿಗೆ ಹೆಸರೂ ಅವರ ಕಡಿಂದನ ಇಡಸೂಣು. ಸಂಘ ಉಳಿಸಿದ ಕೂಸಲ್ಲ ಇದು."

ಮಮತಾಜ ನಿಧಾನವಾಗಿ ಸೆರಗು ಎಳೆದುಕೊಂಡಳು. ಗಂಗವ್ವನ ಕಾಲ ಮೇಲಿದ್ದ ಕೂಸನ್ನು ಎತ್ತಿ, ಎಣ್ಣೆಯ ಮೈಯನ್ನು ಹಾಗೆಯೇ ತನ್ನ ಸೀರೆಯೊಳಗೆ ಸೇರಿಸಿಕೊಂಡಳು.

"ಇಲ್ರಿ, ಬರಂಗಿಲ್ಲ."

"ಹಂಗಂದ್ರ? ಕಿಟ್ ತೊಗೊಂಡೀಯಲ್ಲ?"

ಕಿಟ್ ಮೂಲೆಯಲ್ಲಿ ಡಬ್ಬಿ ಬಿಚ್ಚಿ ಬಿದ್ದಿತ್ತು. ಹಾಲಿನ ಬಾಟಲಿ, ಪುಡಿ ಡಬ್ಬಿ, ಟವೆಲ್, ಸಾಬೂನು. ಒಂದೊಂದರ ಮೇಲೂ ಕೈಮುಗಿದ ಸಾವಕಾರರ ಚೀಟಿ ಅಂಟಿಸಿತ್ತು. ಮಮತಾಜ ಅದರ ಕಡೆ ಗದ್ದ ತೋರಿಸಿದಳು.

"ಅಲ್ಲೇ ಐತಿ, ಒಯ್ರಿ. ಸಾಬಾಣದ ಮ್ಯಾಲೂ ನಿಮ್ಮ ಮಾರಿ ಐತ್ರಿ. ಕೂಸಿನ ಮೈಗೆ ಹಚ್ಚಾಕ ನನಗ ಹೇಸಿಕಿ ಬಂತು."

ಗಂಗವ್ವ ಎಣ್ಣೆಯ ಬಟ್ಟಲನ್ನು ಠಣ್ಣನೆ ನೆಲಕ್ಕಿಟ್ಟಳು. ಸಾವಕಾರರ ಕಿವಿ ಕೆಂಪಾಯಿತು. "ಖೋಲಿ ಬೇಕೋ ಬ್ಯಾಡೋ ನಿನಗ?"

"ಖೋಲಿ ನಿಮ್ದು, ತೊಗೋರಿ. ಕೂಸು ನಂದು."

ಅವಳ ದನಿ ಏರಿರಲಿಲ್ಲ. ಇಷ್ಟು ದಿನ ಆ ಹುಡುಗಿ ನಾಲ್ಕು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಸಾವಕಾರರು ನಾಳೆಯೇ ಬೀಗ ಹಾಕಿಸುವುದಾಗಿ ಹೇಳಿ ಬೂಟಿನ ಗುರುತು ಬಿಟ್ಟು ಹೋದರು.

ಮಾತು ಆಡಿಯಾಗಿತ್ತು, ಈಗ ಕೂಸನ್ನು ಇಡುವುದೆಲ್ಲಿ? ಸುದ್ದಿ ಗುಡ್ಡವೆಲ್ಲ ಹಬ್ಬಿತು. ನಮ್ಮಲ್ಲಿ ಬಾ, ನಮ್ಮಲ್ಲಿ ಬಾ ಎಂದವರಿಗೇನೂ ಕಡಿಮೆ ಇರಲಿಲ್ಲ. ಆದರೆ ಎಲ್ಲರದೂ ಒಂದೇ ಖೋಲಿ, ಎಂಟು ಜನ, ಸೋರುವ ತಗಡು. ಅರ್ಧಕ್ಕರ್ಧ ಜನ ಅದೇ ಸಾವಕಾರರ ಬಾಡಿಗೆದಾರರು. ಮರುದಿನ ಬೆಳಿಗ್ಗೆ ನಾನು ಬಾಲ್ದಿ ಹಿಡಿದು ಹೋದಾಗ ಪಿಯದಾದ್ ಬಾಯಿ ಒಲೆ ಹಚ್ಚಿರಲಿಲ್ಲ. ಬಚ್ಚಲಿನ ಪಕ್ಕದ ಕೋಣೆಯಿಂದ ತೆಂಗಿನಕಾಯಿ ಹೊರಗೆ ಹಾಕುತ್ತಿದ್ದಳು. ಅದು ಹೆಂಚಿನ ಕೋಣೆ, ಒಂದು ಗೋಡೆ ಹಂಡೆಯ ಒಲೆಗೆ ತಾಗಿದ್ದು. ಬಾಗಿಲಿಗೆ ಒಳಗಿನಿಂದ ಅಗಳಿ.

"ಉಸಕೋ ಇಧರ್ ಲಾವ್," ಎಂದಳು ನನ್ನ ಮುಖ ನೋಡದೆ, ಮಮತಾಜಳ ಖೋಲಿಯ ಕಡೆ ಕೈ ಮಾಡಿ.

ತನ್ನ ಮಗನ ಕಥೆಯನ್ನು ಅವಳು ಆಗ ಹೇಳಿದಳು, ಕೊಂಕಣಿ ಹಿಂದಿ ಕಲಸಿ, ಕಾಯಿ ಎತ್ತಿ ಎಸೆಯುತ್ತಲೇ. ಅವನು ಇಂಗ್ಲೆಂಡಿನಲ್ಲಿ ಗೋದಾಮಿನ ಕೆಲಸ ಮಾಡುತ್ತಾನಂತೆ. ಮಗು ಹುಟ್ಟಿದ ತಿಂಗಳಲ್ಲೇ ಮನೆ ಮಾಲಕ ಅವರನ್ನು ಬಿಡಿಸಿದನಂತೆ, ಆ ಮಾಲಕನೂ ಗೋವೆಯವನೇ. ಹೊರಗೆ ಹಿಮ. ಕೆಳಗಿನ ಮನೆಯ ಯಾರೋ ಒಬ್ಬ ಹೆಂಗಸು ಬಾಗಿಲು ತೆಗೆದು ಒಳಗೆ ಕರೆದುಕೊಂಡಳಂತೆ. ಯಾವ ದೇಶದವಳೋ, ಯಾವ ದೇವರವಳೋ, ಹೆಸರು ಕೂಡ ತನಗೆ ಗೊತ್ತಿಲ್ಲ ಎಂದಳು. ಇಲ್ಲಿ ಕೂತು ತಾನು ಜಪಮಾಲೆ ಎಣಿಸಿದ್ದಷ್ಟೇ. ಹೇಳಿ ಮುಗಿಸಿ, ನಾನು ಕಣ್ಣೊರೆಸಿಕೊಳ್ಳುವುದನ್ನು ಕಂಡು ರೇಗಿದಳು. ಅಳಬೇಡ, ಪೊರಕೆ ತೊಗೊ ಎಂದಳು.

ಮಧ್ಯಾಹ್ನದ ಹೊತ್ತಿಗೆ ಮಮತಾಜಳನ್ನು ಕರೆತಂದೆವು. ದಸ್ತಗೀರನ ಜೊತೆಯ ಹಮಾಲರು ಲಾರಿಯ ತಾಡಪತ್ರಿಯನ್ನು ನಾಲ್ಕು ಮೂಲೆ ಹಿಡಿದು ಎತ್ತಿದರು, ಅದರ ಕೆಳಗೆ ಬಾಣಂತಿ ನಡೆದಳು. ಹಿಂದೆ ನಾವೆಲ್ಲ ಇದ್ದೆವು. ಹಾಸಿಗೆ ಹೊತ್ತವರು, ಪಾತ್ರೆ ಹೊತ್ತವರು, ಏನೂ ಹೊರದೆ ಸುಮ್ಮನೆ ಬಂದವರು. ಸಾವಕಾರರ ಚಾಳಿನವರೂ ಬಂದಿದ್ದರು, ಸಾವಕಾರರ ಮನೆಯ ಕಿಟಕಿಯ ಮುಂದೆಯೇ ಹಾದು. ಕೋಣೆಯಲ್ಲಿ ಚಾಪೆ ಹಾಸಿತ್ತು, ಗೋಡೆ ಮುಟ್ಟಿದರೆ ಬೆಚ್ಚಗಿತ್ತು.

ಎಲ್ಲರೂ ಒಳಗೆ ನುಗ್ಗಿದೆವು. ಒಬ್ಬಳು ಕೂಸನ್ನು ಇಸಿದುಕೊಳ್ಳಲು ಕೈ ಚಾಚಿದಳು, ಒಬ್ಬಳು ಹೀಗೆ ಮಲಗು ಎಂದಳು, ಒಬ್ಬಳು ಹಾಗಲ್ಲ ಹೀಗೆ ಎಂದಳು. ಯಾರೋ ಮೊಬೈಲು ತೆಗೆದು ಫೋಟೋ ಹೊಡೆಯಲು ನೋಡಿದರು. ಗಂಗವ್ವ ಸಂಘಕ್ಕೆ ಶಾಪ ಹಾಕುತ್ತಿದ್ದಳು. ನಾನು ಅಂಟಿನ ಉಂಡಿ ತಿನ್ನು ಎಂದು ಮಮತಾಜಳ ಬಾಯಿಗೆ ಹಿಡಿದಿದ್ದೆ.

ಪಿಯದಾದ್ ಬಾಯಿ ನಮ್ಮನ್ನೆಲ್ಲ ನೋಡಿದಳು. ಕೊಳೆ ಕಂಡರೆ ಅವಳ ಮೂಗು ಹೇಗೆ ಸೊಟ್ಟಗಾಗುತ್ತಿತ್ತೋ ಹಾಗೆಯೇ ಆಯಿತು.

"ಬಸ್! ಸಬ್ ಘಾಂಟಿ ಬಾಹರ್! ಉಸಕೋ ಸೋನೇ ದೇವ್!"

ಅವಳು ಮಲಗಲಿ ಎಂದು ದಸ್ತಗೀರನನ್ನೂ ಸೇರಿಸಿ ಒಬ್ಬೊಬ್ಬರನ್ನೇ ಹೆಗಲಿಗೆ ಕೈಹಚ್ಚಿ ಹೊರಗೆ ಹಾಕಿದಳು. ನನ್ನ ಕೈಯಲ್ಲಿ ಅರ್ಧ ಉಂಡಿ ಹಾಗೆಯೇ ಇತ್ತು. ತಾನೂ ಹೊರಗೆ ಬಂದು ಬಾಗಿಲು ಎಳೆದಳು. ಒಳಗಿನಿಂದ ಮಮತಾಜ ಎದ್ದು ಬಂದು ಅಗಳಿ ಹಾಕಿಕೊಂಡ ಸಪ್ಪಳ ಕೇಳಿತು. ಹೆತ್ತಾಗಿನಿಂದ ಆ ಹುಡುಗಿಗೆ ಬಾಗಿಲು ಮುಚ್ಚಿಕೊಳ್ಳಲು ಸಿಕ್ಕದ್ದು ಅದೇ ಮೊದಲು.